ಮುದ್ರಣ ಕಾಶಿಯ ಹಳೆ ಪುಸ್ತಕಕ್ಕ ಗದಗದಾಗ ಒಂದು ಖೋಲಿ ಬೇಕು

ಸಂಪಾದಕರಿಗೆ ನಮಸ್ಕಾರ್ರಿ,

ಗದಗಕ್ಕ ಮುದ್ರಣ ಕಾಶಿ ಅಂತ ಹೆಸರೈತಿ, ಯಾವ ಕಾರ್ಯಕ್ರಮಕ್ಕ ಹೋದ್ರೂ ಭಾಷಣದಾಗ ಈ ಮಾತು ಬಂದ ಬರತೈತಿ. ಆದ್ರ ಇಲ್ಲಿ ಅಚ್ಚಾದ ಹಳೆ ಪುಸ್ತಕ ನೋಡಬೇಕು ಅಂತ ಯಾರರ ಬಂದ್ರ ಅವರು ಮನಿ ಮನಿ, ರದ್ದಿ ಅಂಗಡಿ ತಿರಗಬೇಕಾಗೇತಿ. ಅದಕ್ಕ ಈ ಪತ್ರ ಬರಿಯಾಕತ್ತೀನಿ.

ನಾ ಹೇಳಾಕತ್ತಿದ್ದು ದೊಡ್ಡ ದೊಡ್ಡ ಗ್ರಂಥದ ಸುದ್ದಿ ಅಲ್ಲ. ದೊಡ್ಡಾಟ, ಸಣ್ಣಾಟ ಅನ್ನೋ ನಮ್ಮ ಬಯಲಾಟ, ಕಂಪನಿ ನಾಟಕ, ಭಜನಿ ಪದ, ತತ್ವಪದ, ಗೀಗೀ ಪದ, ಅಂಕಲಿಪಿ, ಪಂಚಾಂಗ ಇಂಥಾವು. ತೆಳ್ಳನ ಕಾಗದ, ಬಣ್ಣದ ರಟ್ಟು, ಬೆಲಿ ಆಣೆ ಲೆಕ್ಕದಾಗ, ಜಾತ್ರ್ಯಾಗ ತಾಡಪತ್ರಿ ಹಾಸಿ ಮಾರತಿದ್ರು. ಒಂದು ಹಳೆ ದೊಡ್ಡಾಟದ ಪುಸ್ತಕ ತಗದು ನೋಡ್ರಿ, ಪದದ ಮ್ಯಾಲ 'ಧಾಟಿ' ಅಂತ ಹಾಕಿ ಆವಾಗ ಜನರ ಬಾಯಾಗಿದ್ದ ಯಾವದೋ ಹಾಡಿನ ಮೊದಲನೇ ಸಾಲು ಕೊಟ್ಟಿರತಾರ, ಆ ಹಾಡ ಈಗ ಯಾರಿಗೂ ಬರಂಗಿಲ್ಲ, ಆ ಒಂದು ಸಾಲಷ್ಟ ಉಳದೈತಿ. ಬಾಜೂಕ ಆಟ ಕಲಸೋ ಮಾಸ್ತರು ಪೆನ್ಸಿಲ್‌ಲೆ ಗೆರಿ ಹೊಡದು ಯಾವ ಮಾತು ಬಿಡಬೇಕು ಅಂತ ತೋರಿಸಿರತಾರ, ಒಳಗಿನ ಹಾಳಿ ಮ್ಯಾಲ ಪಾರ್ಟ್ ಮಾಡಿದವರ ಹೆಸರು, ಊರು ಬರದಿರತಾರ. ಹಿಂದಿನ ರಟ್ಟಿನ ಮ್ಯಾಲ 'ನಮ್ಮಲ್ಲಿ ದೊರೆಯುವ ಪುಸ್ತಕಗಳು' ಅಂತ ದೊಡ್ಡ ಪಟ್ಟಿ ಇರತೈತಿ, ಅದರಾಗಿನ ಎಷ್ಟೋ ಪುಸ್ತಕ ಇದ್ವು ಅಂತ ಗೊತ್ತಾಗೋದ ಆ ಪಟ್ಟಿಯಿಂದ. ನಮ್ಮ ಹಳ್ಳಿ ಜನ ಏನ ಓದಿದ್ರು, ಏನ ಹಾಡಿದ್ರು ಅನ್ನೋದಕ್ಕ ಇದಕ್ಕಿಂತ ಗಟ್ಟಿ ಸಾಕ್ಷಿ ಮತ್ತ್ಯಾವದೈತ್ರಿ?

ನಮ್ಮ ಕಡೆ ಒಂದು ಹಳೆ ಪ್ರೆಸ್ ಬಂದ್ ಆತು. ಅಚ್ಚು ಹಾಕಾಕ ಜೋಡಸೋ ಸೀಸದ ಅಕ್ಷರದ ಮೊಳಿ ಕಿಲೋ ಲೆಕ್ಕದಾಗ ಗುಜರಿಗೆ ಹೋದ್ವು, ಮುಖಪುಟದ ಚಿತ್ರದ ಬ್ಲಾಕಿನಾಗಿನ ತಗಡು ಕಿತ್ತಿ ಮಾರಿ, ಕೆಳಗಿನ ಕಟಗಿ ನೀರ ಕಾಸಾಕ ಒಲಿಗೆ ಹಾಕಿದ್ರು. ಮಾಲಕರನ್ನ ಬೈಯಾಕ ಬರಂಗಿಲ್ಲ, ಮೊಳಿ ಬೇಡದ ಆಫ್‌ಸೆಟ್ ಮುದ್ರಣ ಬಂದ ಮ್ಯಾಲ ಕೆಲಸ ಇಲ್ಲ, ಅವರರ ಎಷ್ಟ ದಿನ ಜಾಗಾ ಹಿಡಕೊಂಡು ಕುಂದರಬೇಕು, ಇದನ್ನ ನಾವು ತಗೋತೀವಿ ಅಂತ ಯಾವ ಇಲಾಖೆಯವರೂ ಅವರ ಬಾಗಲಿಗೆ ಬರಲಿಲ್ಲ.

ಕಾಯ್ದೆನೂ ಹಂಗ ಐತಿ. 1956ರ ತನಕ ಗದಗ ಮುಂಬೈ ಪ್ರಾಂತ್ಯದಾಗಿತ್ತು, ಬ್ರಿಟಿಷರ 1867ರ ಕಾಯ್ದೆ ಪ್ರಕಾರ ಅಚ್ಚಾದ ಪುಸ್ತಕ ಸರ್ಕಾರಕ್ಕ ಕೊಡಬೇಕಾಗಿತ್ತು, ಅದರಾಗ ಬೇಕಾದ್ದನ್ನ ಆರಿಸಿ ಲಂಡನ್ನಿಗೆ ಒಯ್ದ್ರು. ಸ್ವಾತಂತ್ರ್ಯ ಬಂದ ಮ್ಯಾಲ 1954ರಾಗ ಆದ ಕಾಯ್ದೆ ಪ್ರಕಾರ ಪ್ರತಿ ಹೋಗೋದು ಕೋಲ್ಕತ್ತಾ, ಚೆನ್ನೈ, ಮುಂಬೈ, ದಿಲ್ಲಿಗೆ. ಪುಸ್ತಕ ಹುಟ್ಟಿದ ಜಿಲ್ಲಾಕ್ಕ ಒಂದು ಪ್ರತಿ ಕೊಡ್ರಿ ಅಂತ ಆ ಕಾಯ್ದೆದಾಗ ಇಲ್ಲ.

ಲಕ್ಕುಂಡಿ ಇಲ್ಲೇ ಬಾಜೂಕ ಐತಿ. ಅಲ್ಲಿಯ ಮೂರ್ತಿ, ಶಾಸನಕ್ಕ ಮ್ಯೂಜಿಯಂ ಮಾಡ್ಯಾರ, ಭಾಳ ಚಲೋ ಆತು. ಅದ ಲಕ್ಕುಂಡಿಯ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣ ಅಳದು ಹೋಗಬಾರದು ಅಂತ 1000 ಪ್ರತಿ ಬರಿಸಿ ಹಂಚಿದಾಕಿ, ಅಂಥಾ ನೆಲದಾಗ ಕಾಗದದ ಪುಸ್ತಕ ರದ್ದಿಗೆ ಹೋಗೋದು ನೋಡಿದ್ರ ಹೊಟ್ಟಿ ಉರಿತೈತ್ರಿ.

ರೊಕ್ಕ ಇಲ್ಲ ಅನಬ್ಯಾಡ್ರಿ. 1965ರ ಗ್ರಂಥಾಲಯ ಕಾಯ್ದೆ ಪ್ರಕಾರ ಆಸ್ತಿ ತೆರಿಗಿ ಜೋಡಿ ನಾವು ಗ್ರಂಥಾಲಯ ಕರ ಅಂತ ನೂರಕ್ಕ 6 ಕಟ್ಟತೀವಿ. ಜಿಲ್ಲಾ ಗ್ರಂಥಾಲಯದಾಗ ಗದಗದ ಮುದ್ರಣಕ್ಕ ಅಂತ ಒಂದು ಖೋಲಿ ತಗೀರಿ, ಪುಸ್ತಕದ ಜೋಡಿ ಉಳದಿರೋ ಮೊಳಿ, ಬ್ಲಾಕ್, ಕಾಲಿಲೆ ತುಳದು ಅಚ್ಚು ಹಾಕೋ ಒಂದು ಟ್ರೆಡಲ್ ಮಷಿನ್ನೂ ಇಡ್ರಿ. ಯಾರು ಕೊಟ್ರು, ಯಾವ ಊರಿಂದ ಬಂತು ಅಂತ ರಜಿಸ್ಟರದಾಗ ಬರೀರಿ, ಇಲ್ಲಂದ್ರ ಆ ಪೆನ್ಸಿಲ್ ಗೆರಿ ಯಾರದು ಅಂತನ ತಿಳಿಯಂಗಿಲ್ಲ. ಸ್ಕ್ಯಾನ್ ಮಾಡಾಕ ಗೊಟಗೋಡಿ ಜಾನಪದ ವಿಶ್ವವಿದ್ಯಾಲಯದ ಹುಡುಗರನ್ನ ಕರೀರಿ, ಅವರ ಅಭ್ಯಾಸಕ್ಕೂ ಬೇಕಾದ್ದ ಇದು.

ಎಲ್ಲಾಕಿಂತ ಮೊದಲ ಹಳೆ ಬುಕ್ ಡಿಪೋ ನಡಿಸಿದವರನ್ನ, ಮೊಳಿ ಜೋಡಸೋ ಕಂಪೋಸಿಟರ್ ಆಗಿದ್ದವರನ್ನ ಕುಂದರಿಸಿ ಅವರ ಮಾತು ರೆಕಾರ್ಡ್ ಮಾಡ್ಕೋರಿ. ಯಾವ ಪುಸ್ತಕ ಯಾವ ಪ್ರೆಸ್ಸಿನಾಗ ಆತು, ಯಾವ ಜಾತ್ರಿಗೆ ಎಷ್ಟ ಹೋಗತಿತ್ತು ಅನ್ನೋದು ಅವರ ತಲಿಯಾಗಷ್ಟ ಐತಿ, ಎಲ್ಲಾರಿಗೂ ವಯಸ್ಸಾಗೇತಿ.

ಓದುಗರಿಗೂ ಒಂದು ಮಾತು. ಮನಿ ಕೆಡವಿ ಹೊಸಾದು ಕಟ್ಟುವಾಗ ಅಟ್ಟದ ಮ್ಯಾಲ ಇಂಥಾ ಗಂಟು ಸಿಕ್ರ ರದ್ದಿಯವಗ ಹಾಕೋಕಿಂತ ಮೊದಲ ನಿಮ್ಮೂರ ಸಾಲಿ ಮಾಸ್ತರಿಗೋ, ಆಟದ ಮೇಳದವರಿಗೋ ಒಮ್ಮೆ ತೋರಿಸ್ರಿ.

ಒಬ್ಬ ಓದುಗ, ಗದಗ