ಮಗಳು ಪಾಸಾದಳು, ಇವರಿಗೆಲ್ಲ ಥ್ಯಾಂಕ್ಸ್ ಹೇಳಲೇಬೇಕು

ಮಗಳು ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸಿನಲ್ಲಿ ಪಾಸಾಗಿದ್ದಾಳೆ. ಫೋನ್ ಮಾಡಿ ಹರಸಿದ ಎಲ್ಲರಿಗೂ ಮೊದಲು ನಮಸ್ಕಾರ. ಮಾರ್ಕ್ಸಿಗಿಂತ ನನಗೆ ದೊಡ್ಡ ಖುಷಿ ಅಂದರೆ, ಪರೀಕ್ಷೆ ನಡೆದ ಅಷ್ಟೂ ದಿನ ಅವಳು ಆಸ್ಪತ್ರೆ ಸೇರದೆ ಎಲ್ಲ ಪೇಪರನ್ನೂ ಹಾಲಿನಲ್ಲಿ ಕೂತು ಬರೆದಳು. ಅದರ ಹಿಂದೆ ತುಂಬಾ ಜನ ಇದ್ದಾರೆ. ಕೆಲವರು ನಮ್ಮ ರಾಯಚೂರಿನವರು. ಇನ್ನು ಕೆಲವರು ನಮ್ಮ ಊರಿನ ಹೆಸರನ್ನೇ ಕೇಳಿರದ ವಿಜ್ಞಾನಿಗಳು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅವಳಿಗಿರುವುದು ಪ್ರೈಮರಿ ಸಿಲಿಯರಿ ಡಿಸ್ಕೈನೇಸಿಯಾ, ಅಂದರೆ ಪಿಸಿಡಿ. ನಮ್ಮ ಉಸಿರಿನ ದಾರಿಯ ಒಳಗೋಡೆಯಲ್ಲಿ ಸಿಲಿಯಾ ಅನ್ನುವ ಅತಿ ಸಣ್ಣ ರೋಮಗಳಿರುತ್ತವೆ, ಒಂದೊಂದು ಜೀವಕೋಶದ ಮೇಲೆ ಸುಮಾರು 200. ಅವು ಸೆಕೆಂಡಿಗೆ ಹತ್ತು-ಹದಿನೈದು ಸಲ ಬಡಿಯುತ್ತಾ ಕಫ, ಧೂಳು, ರೋಗಾಣು ಎಲ್ಲವನ್ನೂ ಗಂಟಲಿನ ಕಡೆ ತಳ್ಳುತ್ತವೆ. ನಮ್ಮ ಮಗಳ ಸಿಲಿಯಾ ಬಡಿಯುವುದಿಲ್ಲ. ಹಾಗಾಗಿ ಹುಟ್ಟಿದಾಗಿನಿಂದ ಕಫದ ಕೆಮ್ಮು, ಸೋರುವ ಮೂಗು, ಕಿವಿ ನೋವು.

ಇದಕ್ಕೆ ಹೆಸರು ಸಿಗಲು ವರ್ಷಗಳೇ ಹಿಡಿದವು. ಒಂದು ಕಡೆ ಆಸ್ತಮಾ ಅಂದರು. ಇನ್ನೊಂದು ಕಡೆ ಟಿಬಿ ಮಾತ್ರೆ ಕೊಟ್ಟರು. ಒಂದು ಕಡೆಯಂತೂ ಎಕ್ಸ್‌ರೇಯಲ್ಲಿ ಹೃದಯ ಬಲಕ್ಕೆ ಕಂಡಾಗ ಫಿಲ್ಮ್ ಉಲ್ಟಾ ಬಂದಿದೆ ಅಂತ ತಿರುಗಿಸಿ ಇಟ್ಟು ನೋಡಿ ಕಳಿಸಿಬಿಟ್ಟರು. ಆಮೇಲೆ ನಮ್ಮೂರಿನ ಒಬ್ಬ ಹಿರಿಯ ಮಕ್ಕಳ ಡಾಕ್ಟರು ಸ್ಟೆತಾಸ್ಕೋಪನ್ನು ಎಡಕ್ಕಿಟ್ಟರು, ಬಲಕ್ಕಿಟ್ಟರು, ಮತ್ತೆ ಎಡಕ್ಕಿಟ್ಟರು. "ಫಿಲ್ಮ್ ಸರಿಯಾಗೇ ಇದೆ. ಈ ಮಗುವಿನ ಹೃದಯ ಇರುವುದೇ ಬಲಗಡೆ. ಹೈದರಾಬಾದಿಗೆ ಹೋಗಿ, ನಾನೇ ಬರೆದುಕೊಡುತ್ತೇನೆ" ಅಂದರು. ಸರ್, ನೀವು ಇದನ್ನು ಓದುತ್ತೀರೋ ಇಲ್ಲವೋ, ನಮ್ಮ ಮನೆಯಲ್ಲಿ ನಿಮ್ಮನ್ನು ನೆನೆಯದ ದಿನವಿಲ್ಲ.

ಹೈದರಾಬಾದಿನಲ್ಲಿ ಜೀನ್ ಪರೀಕ್ಷೆ ಆಯಿತು. ಡಿಎನ್‌ಎಎಚ್‌5 ಅನ್ನುವ ಜೀನ್‌ನಲ್ಲಿ ದೋಷ ಅಂತ ವರದಿ ಬಂತು. ಹೆಸರು ಸಿಕ್ಕ ಮೇಲೆ ಮೊದಲು ಬದಲಾಗಿದ್ದು ಒಂದು ಸಣ್ಣ ವಿಷಯ. ಅಲ್ಲಿನ ಫಿಸಿಯೋಥೆರಪಿ ಮೇಡಂ ನಮ್ಮ ಚೀಲದಲ್ಲಿದ್ದ ಕೆಮ್ಮು ನಿಲ್ಲಿಸುವ ಸಿರಪ್ಪನ್ನು ತೆಗೆದು ಪಕ್ಕಕ್ಕಿಟ್ಟರು. "ಇವಳಿಗೆ ಕೆಮ್ಮೇ ಸಿಲಿಯಾ. ಅದನ್ನು ನಿಲ್ಲಿಸಬೇಡಿ" ಅಂದರು. ಉಪ್ಪು ನೀರಿನ ನೆಬ್ಯುಲೈಸರ್ ಹೇಗೆ ಕೊಡಬೇಕು, ಬೆನ್ನು ಹೇಗೆ ತಟ್ಟಬೇಕು, ಬಾಯಿ ತೆರೆದು ಹಾ ಅಂತ ಉಸಿರು ಬಿಟ್ಟು ಕಫ ಹೇಗೆ ಮೇಲೆ ತರಬೇಕು ಅಂತ ಕೈ ಹಿಡಿದು ಕಲಿಸಿದರು. ದಿನಾ ಬೆಳಿಗ್ಗೆ, ರಾತ್ರಿ ನಾವು ಮಾಡುವುದು ಅದನ್ನೇ. ರೋಗ ವಾಸಿಯಾಗುವ ಔಷಧಿ ಇನ್ನೂ ಬಂದಿಲ್ಲ. ಆದರೆ ಕಫ ನಿಲ್ಲದಂತೆ ನೋಡಿಕೊಂಡರೆ ಶ್ವಾಸಕೋಶ ಹಾಳಾಗುವುದನ್ನು ಆದಷ್ಟು ತಡೆಯಬಹುದು.

ಅದರ ನಡುವೆ ಇನ್ನೊಂದು ಭಯ ಹುಟ್ಟಿತು. ಸಿಲಿಯಾ ಕೆಟ್ಟರೆ ಕಣ್ಣು ಹೋಗುತ್ತದೆ, ಕಿಡ್ನಿ ಹೋಗುತ್ತದೆ ಅಂತ ಹೆಂಡತಿ ಎಲ್ಲೋ ಓದಿ ಊಟ ಬಿಟ್ಟಳು. ಆಗ ಸಿಕ್ಕಿದವರೇ ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಸಿಂಧನೂರು ಕಡೆಯ ಒಬ್ಬ ತಂಗಿ. ಹೆಸರು ಹಾಕಬೇಡಿ ಅಣ್ಣ ಅಂದಿದ್ದಾರೆ, ಹಾಕುವುದಿಲ್ಲ. ಭಾನುವಾರ ಭಾನುವಾರ ವಿಡಿಯೋ ಕಾಲ್ ಮಾಡಿ, ಬೇಸರ ಇಲ್ಲದೆ, ಮಗಳನ್ನೂ ಎದುರಿಗೆ ಕೂರಿಸಿಕೊಂಡು ನಮಗೆ ಸಿಲಿಯಾದ ಒಳಗನ್ನು ತೋರಿಸಿಕೊಟ್ಟರು.

ಅಡ್ಡ ಕೊಯ್ದ ಸಿಲಿಯಾದ ಚಿತ್ರ ಕಳಿಸಿದ್ದರು. ಸುತ್ತ ಒಂಬತ್ತು ಜೋಡಿ ಕೊಳವೆ, ನಡುವೆ ಎರಡು. ಮಗಳು ಬೆರಳಿಟ್ಟು ಎಣಿಸಿದಳು. ಪ್ರತಿ ಜೋಡಿಯಲ್ಲಿ ಎ ಕೊಳವೆ ಪೂರ್ತಿ ದುಂಡಗೆ ಇರುತ್ತದೆ, 13 ಎಳೆ. ಅದಕ್ಕೆ ಅಂಟಿಕೊಂಡ ಬಿ ಕೊಳವೆಗೆ 10 ಎಳೆ. ಎ ಕೊಳವೆಯಿಂದ ಡೈನೀನ್ ಅನ್ನುವ ತೋಳುಗಳು ಹೊರಗೆ ಚಾಚಿರುತ್ತವೆ, ಒಳಸಾಲು ಮತ್ತು ಹೊರಸಾಲು. ಹೊರಸಾಲಿನಲ್ಲಿ 24 ನ್ಯಾನೋಮೀಟರಿಗೊಂದು ತೋಳು. ಅವು ಪಕ್ಕದ ಜೋಡಿಯನ್ನು ಹಿಡಿದು ಜಾರಿಸುತ್ತವೆ, ಆದರೆ ಜೋಡಿಗಳನ್ನು ಒಂದಕ್ಕೊಂದು ಕಟ್ಟಿರುವ ಕೊಂಡಿಗಳು ಪೂರ್ತಿ ಜಾರಲು ಬಿಡುವುದಿಲ್ಲ, ಹಾಗಾಗಿ ಇಡೀ ರೋಮ ಬಾಗುತ್ತದೆ. ಅದೇ ಬಡಿತ. ಡಿಎನ್‌ಎಎಚ್‌5 ಅಂದರೆ ಆ ಹೊರತೋಳಿನ ಒಂದು ಮುಖ್ಯ ಭಾಗವನ್ನು ಮಾಡುವ ಜೀನ್. ಮಗಳಲ್ಲಿ ಆ ಹೊರತೋಳೇ ಇಲ್ಲ.

ಭಯ ಹೋಗಿದ್ದು ಇದರ ಮುಂದಿನ ಮಾತಿನಿಂದ. ಸಿಲಿಯಾದೊಳಗೆ ಪ್ರೋಟೀನ್ ತಯಾರಾಗುವುದಿಲ್ಲ, ಅಲ್ಲಿ ರೈಬೋಸೋಮ್ ಇಲ್ಲ. ಎಲ್ಲವೂ ಜೀವಕೋಶದ ಒಡಲಿನಿಂದ ಬರಬೇಕು. ಆ ಸಾಗಣೆಗೆ ಐಎಫ್‌ಟಿ ಅನ್ನುತ್ತಾರೆ. ಕೈನೆಸಿನ್-2 ಅನ್ನುವ ಮೋಟಾರು ಸಾಮಾನನ್ನು ತುದಿಯವರೆಗೆ ಒಯ್ಯುತ್ತದೆ, ಡೈನೀನ್-2 ವಾಪಸ್ ತರುತ್ತದೆ. ನಮ್ಮ ಗಂಜ್‌ನಲ್ಲಿ ಹಮಾಲರು ಮೂಟೆ ಹೊತ್ತು ಲಾರಿ ಹತ್ತಿ ಬರಿಗೈಯಲ್ಲಿ ಇಳಿಯುವುದನ್ನು ದಿನಾ ನೋಡುವ ನನಗೆ ಇದು ಬೇಗ ತಲೆಗೆ ಹೋಯಿತು, ಒಂದೇ ವ್ಯತ್ಯಾಸ, ಇಲ್ಲಿ ಇಳಿಯುವವರೂ ಹೊರೆ ಹೊತ್ತೇ ಇಳಿಯುತ್ತಾರೆ. ಮೇಲೆ ಹೋಗುವುದು ಬಿ ಕೊಳವೆಯ ಮೇಲೆ, ಕೆಳಗೆ ಬರುವುದು ಎ ಕೊಳವೆಯ ಮೇಲೆ, ಅದಕ್ಕೇ ಎದುರುಬದುರು ಡಿಕ್ಕಿಯಾಗುವುದಿಲ್ಲ. ಇದು 2016ರಲ್ಲಷ್ಟೇ ಗೊತ್ತಾದ ಸಂಗತಿಯಂತೆ. ಕಣ್ಣು, ಕಿಡ್ನಿ ಹೋಗುವ ಕಾಯಿಲೆಗಳಲ್ಲಿ ಹೆಚ್ಚಾಗಿ ಕೆಡುವುದು ಈ ಸಾಗಣೆ ಅಥವಾ ಬಡಿಯದೆ ಸುಮ್ನೆ ನಿಂತು ಸುದ್ದಿ ಹಿಡಿಯುವ ಇನ್ನೊಂದು ಬಗೆಯ ಸಿಲಿಯಾ. ನಮ್ಮ ಮಗಳ ಸಾಗಣೆ ಚೆನ್ನಾಗಿದೆ, ಸಿಲಿಯಾ ಪೂರ್ತಿ ಉದ್ದ ಬೆಳೆದಿವೆ, ಬರಬೇಕಾದ ಒಂದು ತೋಳು ಮಾತ್ರ ತಯಾರಾಗಿಲ್ಲ. ಆ ರಾತ್ರಿ ಹೆಂಡತಿ ಹೊಟ್ಟೆ ತುಂಬ ರೊಟ್ಟಿ ತಿಂದಳು. ತಂಗೀ, ಆ ಒಂದು ಊಟಕ್ಕೆ ನಿಮಗೆ ಎಷ್ಟು ಕೈ ಮುಗಿದರೂ ಸಾಲದು.

ಈ ಸಾಗಣೆಯನ್ನು ಮೊದಲು ಕಂಡಿದ್ದು ಮನುಷ್ಯರಲ್ಲಿ ಅಲ್ಲ. 1993ರಲ್ಲಿ, ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಜೋಯಲ್ ರೋಸೆನ್‌ಬಾಮ್ ಅವರ ಲ್ಯಾಬಿನಲ್ಲಿ, ಕೀತ್ ಕೊಜ್ಮಿನ್ಸ್ಕಿ ಅವರು ಕ್ಲಾಮಿಡೋಮೊನಾಸ್ ಅನ್ನುವ ಹಸಿರು ಪಾಚಿಯಲ್ಲಿ ನೋಡಿದರು. ಒಂದೇ ಜೀವಕೋಶ, ಎರಡು ರೋಮ. ಕೆರೆಯ ಪಾಚಿಯನ್ನು ಯಾಕೆ ನೋಡುತ್ತೀರಿ ಅಂತ ಅವರನ್ನು ಯಾರಾದರೂ ಕೇಳಿರಬಹುದು ಅಲ್ವಾ? ನಮಗೆ ಉತ್ತರ ಗೊತ್ತಿದೆ. ಸ್ವೀಡನ್ನಿನ ಬ್ಯೋರ್ನ್ ಅಫ್ಜೆಲಿಯಸ್ 1976ರಲ್ಲಿ ಇಂಥ ರೋಗಿಗಳ ಸಿಲಿಯಾದಲ್ಲಿ ಡೈನೀನ್ ತೋಳುಗಳಿಲ್ಲ ಅಂತ ತೋರಿಸಿದರು. ಜಪಾನಿನ ಹಿರೊಕಾವಾ ಅವರ ತಂಡ 1998ರಲ್ಲಿ ಇಲಿಗಳಲ್ಲಿ ಕೈನೆಸಿನ್-2ರ ಒಂದು ಭಾಗವನ್ನೇ ತೆಗೆದು ನೋಡಿತು. ಭ್ರೂಣದಲ್ಲಿ ಸಿಲಿಯಾ ಬೆಳೆಯಲೇ ಇಲ್ಲ, ಅಂಗಗಳ ಎಡ-ಬಲ ಅಡ್ಡಾದಿಡ್ಡಿಯಾಯಿತು. ಭ್ರೂಣದಲ್ಲಿ ಸಿಲಿಯಾ ಸುತ್ತಿ ಹುಟ್ಟಿಸುವ ಹರಿವೇ ಹೃದಯ ಯಾವ ಕಡೆ ಅಂತ ನಿರ್ಧರಿಸಲು ಬೇಕು. ಅದು ಇಲ್ಲದಿದ್ದರೆ ಎಡವೋ ಬಲವೋ ಅದೃಷ್ಟದ ಮಾತು. ಪಿಸಿಡಿ ಇರುವವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಅಂಗಗಳು ಅದಲುಬದಲಾಗಿರುವುದು ಅದಕ್ಕೇ.

ಇದನ್ನು ನಮ್ಮ ಬಳಗದವರು ಓದಲಿ ಅಂತಲೇ ಬರೆಯುತ್ತಿದ್ದೇನೆ. ಗ್ರಹಣದಲ್ಲಿ ಹೊರಗೆ ಬಂದಳು, ಅದಕ್ಕೇ ಮಗುವಿನ ಹೃದಯ ಬಲಕ್ಕೆ ಬಂತು ಅಂತ ನನ್ನ ಹೆಂಡತಿಗೆ ಎಷ್ಟು ಮಾತು ಕೇಳಿಸಿದಿರಿ. ನಾನು ಅಕ್ಕನ ಮಗಳನ್ನೇ ಮದುವೆಯಾದವನು. ಕೆಟ್ಟ ಜೀನ್ ಒಂದೊಂದು ಪ್ರತಿ ನಮ್ಮಿಬ್ಬರಲ್ಲೂ ಇತ್ತು, ಮಗಳಿಗೆ ಎರಡೂ ಬಂದವು. ಹೈದರಾಬಾದಿನ ಡಾಕ್ಟರಮ್ಮ ಹೆಂಡತಿಯ ಎದುರಿಗೆ ಕುರ್ಚಿ ಎಳೆದುಕೊಂಡು ಕೂತು ಇದನ್ನು ಹೇಳಿದರು, "ನೀವು ಮಾಡಿದ್ದರಿಂದಲೂ ಅಲ್ಲ, ಮಾಡದೇ ಇದ್ದಿದ್ದರಿಂದಲೂ ಅಲ್ಲ" ಅಂದರು. ಅವರಿಗೂ ನನ್ನ ನಮಸ್ಕಾರ.

ಪಕ್ಕದ ಮನೆ ಆಪಾ, ಕರೆಂಟ್ ಹೋದಾಗಲೆಲ್ಲ ನಿಮ್ಮ ಇನ್ವರ್ಟರಿನಲ್ಲೇ ನೆಬ್ಯುಲೈಸರ್ ಓಡಿತು. ರಂಜಾನ್ ತಿಂಗಳಲ್ಲೂ ಸಹರಿಗೆ ಎದ್ದಾಗ ಕಿಟಕಿಯಿಂದ ಒಮ್ಮೆ ಕೂಗಿ ಕೇಳುತ್ತಿದ್ದಿರಿ. ಕ್ಲಾಸ್ ಟೀಚರ್ ಮೇಡಂ, ಕೊರೊನಾ ಆದ ಮೇಲೆ ಕೆಮ್ಮುವ ಮಗುವಿನ ಪಕ್ಕ ಯಾರೂ ಕೂರದಿದ್ದಾಗ ಇಡೀ ಕ್ಲಾಸಿಗೆ ಇದು ಅಂಟುವ ರೋಗವಲ್ಲ ಅಂತ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿದಿರಿ. ನಮ್ಮ ಅಂಗಡಿ ಸಾಹುಕಾರರು ನನ್ನನ್ನು ಹತ್ತಿ ಧೂಳಿನಿಂದ ತೆಗೆದು ಲೆಕ್ಕದ ಮೇಜಿಗೆ ಹಾಕಿದರು, ಬಟ್ಟೆಯಲ್ಲಿ ಧೂಳು ಮನೆಗೆ ಹೋಗಬಾರದು ಅಂತ. ಹಮಾಲರ ಸಂಘದ ಅಣ್ಣಂದಿರು ಜೀನ್ ಪರೀಕ್ಷೆಗೆ ಕೂಡಿಸಿಕೊಟ್ಟ ದುಡ್ಡನ್ನು ವಾಪಸ್ ತೆಗೆದುಕೊಳ್ಳಲು ಇವತ್ತಿಗೂ ಒಪ್ಪಿಲ್ಲ.

ಮಗಳು ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಳ್ಳುತ್ತಿದ್ದಾಳೆ. ನಿಮ್ಮ ಗುರುತಿನ ಯಾವುದಾದರೂ ಮಗುವಿಗೆ ಹುಟ್ಟಿದಾಗಲೇ ಉಸಿರಾಟದ ತೊಂದರೆಯಾಗಿ, ಆಮೇಲೆ ವರ್ಷವಿಡೀ ಕಫದ ಕೆಮ್ಮು ಇದ್ದು, ಕಿವಿ-ಮೂಗು ಸೋರುತ್ತಲೇ ಇದ್ದರೆ, ಪಿಸಿಡಿ ಇರಬಹುದಾ ಅಂತ ಡಾಕ್ಟರನ್ನು ಒಂದು ಸಲ ಕೇಳಿ. ಹೃದಯ ಎಡಗಡೆಯೇ ಇದ್ದರೂ ಕೇಳಿ. ಬೆನ್ನು ತಟ್ಟುವುದು, ನೆಬ್ಯುಲೈಸರ್ ತೊಳೆಯುವುದು ಇವನ್ನೆಲ್ಲ ನಾವು ಹೇಗೆ ಮಾಡುತ್ತೇವೆ ಅಂತ ನೋಡಬೇಕಿದ್ದರೆ ಮೆಸೇಜ್ ಮಾಡಿ, ಗಂಜ್ ಕೆಲಸ ಮುಗಿಸಿ ರಾತ್ರಿ ಎಂಟರ ಮೇಲೆ ನಾನು ಮನೆಯಲ್ಲೇ ಇರುತ್ತೇನೆ.