ಮುಳುಗಿಸಿದ ಹಡಗುಗಳಷ್ಟೇ ಲೆಕ್ಕವಲ್ಲ

ಮಾನ್ಯ ಸಂಪಾದಕರೇ,

ಎರಡನೇ ಮಹಾಯುದ್ಧದ ಜಲಾಂತರ್ಗಾಮಿಗಳ ಮಾತು ಬಂದಾಗಲೆಲ್ಲ ಅವು ಎಷ್ಟು ಹಡಗುಗಳನ್ನು ಮುಳುಗಿಸಿದವು ಎಂಬ ಲೆಕ್ಕವೇ ನಮ್ಮ ಬರಹಗಳಲ್ಲಿ ಮುಂದೆ ನಿಲ್ಲುತ್ತದೆ. ಅಮೆರಿಕದ ಜಲಾಂತರ್ಗಾಮಿಗಳು ಪೆಸಿಫಿಕ್ ಸಾಗರದಲ್ಲಿ 504 ವೈಮಾನಿಕರನ್ನು ನೀರಿನಿಂದ ಎತ್ತಿ ಬದುಕಿಸಿದ ಸಂಗತಿಗೆ ಒಂದು ಸಾಲೂ ಸಿಗುವುದು ಅಪರೂಪ.

1943ರಲ್ಲಿ ವಿಮಾನವಾಹಕ ನೌಕೆಗಳ ದಳವನ್ನು ನಡೆಸುತ್ತಿದ್ದ ರಿಯರ್ ಅಡ್ಮಿರಲ್ ಚಾರ್ಲ್ಸ್ ಪೌನಾಲ್, ದಾಳಿಯ ವೇಳೆ ನೀರಿಗೆ ಬಿದ್ದ ವೈಮಾನಿಕರನ್ನು ಎತ್ತಿಕೊಳ್ಳಲು ಜಪಾನಿನ ವಶದಲ್ಲಿದ್ದ ದ್ವೀಪಗಳ ಸಮೀಪ ಜಲಾಂತರ್ಗಾಮಿಗಳನ್ನು ಕಾಯಲು ನಿಲ್ಲಿಸಬೇಕೆಂದು ಕೇಳಿದರು. ಜಲಾಂತರ್ಗಾಮಿ ಪಡೆಯ ಮುಖ್ಯಸ್ಥ ಚಾರ್ಲ್ಸ್ ಲಾಕ್‌ವುಡ್ ಒಪ್ಪಿದರು. ಪೆಟ್ಟು ತಿಂದ ವಿಮಾನವನ್ನು ಎಲ್ಲಿ ಇಳಿಸಿದರೆ ನೆರವು ಸಿಕ್ಕೀತು ಎಂಬುದು ಪೈಲಟ್‌ಗಳಿಗೆ ಮೊದಲೇ ತಿಳಿದಿರುತ್ತಿತ್ತು. ಅಡಗಿರುವುದೇ ಜಲಾಂತರ್ಗಾಮಿಗೆ ಇರುವ ದೊಡ್ಡ ರಕ್ಷಣೆ. ಅದನ್ನು ಬಿಟ್ಟುಕೊಟ್ಟು, ಹಾಡಹಗಲೇ ಶತ್ರುವಿನ ತೀರದೆದುರು ಮೇಲೆ ಬರಬೇಕಾಗಿದ್ದುದರಲ್ಲೇ ಈ ಕೆಲಸದ ಕಷ್ಟವೆಲ್ಲ ಇದೆ.

1944ರ ಏಪ್ರಿಲ್ 1ರಂದು ವೊಲೆಯಾಯ್ ದ್ವೀಪದಲ್ಲಿ ಪೈಲಟ್ ಜಾನ್ ಗ್ಯಾಲ್ವಿನ್ ದಡ ಸೇರಿ ಸಿಕ್ಕಿಬಿದ್ದಾಗ, 'ಹಾರ್ಡರ್' ಜಲಾಂತರ್ಗಾಮಿಯ ಕಮಾಂಡರ್ ಸ್ಯಾಮ್ಯುಯೆಲ್ ಡೀಲಿ ತಮ್ಮ ನೌಕೆಯ ಮೂತಿಯನ್ನು ಹವಳದ ದಿಬ್ಬಕ್ಕೆ ಒತ್ತಿ ಹಿಡಿದು, ಅದು ಸರಿದುಹೋಗದಂತೆ ಪ್ರೊಪೆಲ್ಲರ್‌ಗಳನ್ನು ತಿರುಗಿಸುತ್ತಲೇ ಇಟ್ಟರು. ಮರಗಳ ಮರೆಯಿಂದ ಗುಂಡು ಹಾರುತ್ತಿದ್ದರೂ, ತಾವಾಗಿ ಮುಂದೆ ಬಂದ ನಾವಿಕರು ರಬ್ಬರ್ ತೆಪ್ಪ ಮತ್ತು ಹಗ್ಗದೊಂದಿಗೆ ನೀರಿಗಿಳಿದು ಆತನನ್ನು ಕರೆತಂದರು. ಅದೇ ವರ್ಷ ಜೂನ್‌ನಲ್ಲಿ ಗುವಾಮ್ ಬಳಿ ತೀರದ ಫಿರಂಗಿಗಳು ಮೇಲೆ ಬರಲು ಬಿಡದಿದ್ದಾಗ 'ಸ್ಟಿಂಗ್‌ರೇ' ಮುಳುಗಿದ್ದಂತೆಯೇ ಪೈಲಟ್‌ನತ್ತ ಮತ್ತೆ ಮತ್ತೆ ಬಂದಿತು. ಕೊನೆಗೆ ಅದರ ಪೆರಿಸ್ಕೋಪ್ (ನೀರಿನಡಿಯಿಂದ ಮೇಲೆ ನೋಡುವ ಕೊಳವೆ) ಆತನ ಕೈಗೆ ಸಿಕ್ಕಿ, ಗುಂಡಿನ ವ್ಯಾಪ್ತಿ ದಾಟುವವರೆಗೂ ಅವನನ್ನು ಎಳೆದೊಯ್ದಿತು.

ಮುಂದೆ ಅಮೆರಿಕದ ಅಧ್ಯಕ್ಷರಾದ ಜಾರ್ಜ್ ಎಚ್. ಡಬ್ಲ್ಯು. ಬುಷ್ ಅವರನ್ನು 1944ರ ಸೆಪ್ಟೆಂಬರ್ 2ರಂದು ಜಪಾನಿನ ಚಿಚಿಜಿಮಾ ದ್ವೀಪದ ಬಳಿ 'ಫಿನ್‌ಬ್ಯಾಕ್' ರಕ್ಷಿಸಿದ್ದನ್ನು ಅನೇಕರು ಬಲ್ಲರು. ಅಂದು ಹೊಡೆದುರುಳಿಸಲಾದ ಅವರ ವಿಮಾನದಲ್ಲಿದ್ದ ಇನ್ನಿಬ್ಬರು ಉಳಿಯಲಿಲ್ಲ ಎಂಬುದನ್ನು ಮಾತ್ರ ನೆನೆಯುವವರು ಕಡಿಮೆ. ಫಿನ್‌ಬ್ಯಾಕ್ ತನ್ನ ಗಸ್ತನ್ನು ನಿಲ್ಲಿಸುವಂತಿರಲಿಲ್ಲವಾದ್ದರಿಂದ ಬುಷ್ ಸುಮಾರು ಒಂದು ತಿಂಗಳು ಅದರೊಳಗೇ ಕಳೆದರು.

ಕಾಪಾಡಿದ ನೌಕೆಗಳ ಗತಿಯನ್ನೂ ಹೇಳಬೇಕು. 1944ರ ಏಪ್ರಿಲ್ ಕೊನೆಯಲ್ಲಿ ಟ್ರಕ್ ದ್ವೀಪಗಳ ಬಳಿ ರಿಚರ್ಡ್ ಓಕೇನ್ ಅವರ 'ಟ್ಯಾಂಗ್' 22 ವೈಮಾನಿಕರನ್ನು ಎತ್ತಿಕೊಂಡಿತ್ತು. ಆರು ತಿಂಗಳೂ ಕಳೆಯುವ ಮುನ್ನ ಅದು ಹಾರಿಸಿದ ಟಾರ್ಪೆಡೊ ಅದಕ್ಕೇ ತಿರುಗಿ ಬಡಿದು ಟ್ಯಾಂಗ್ ಮುಳುಗಿತು; ಬದುಕುಳಿದ ಒಂಬತ್ತು ಮಂದಿ ಜಪಾನೀಯರ ಸೆರೆಯಾದರು. ಹಾರ್ಡರ್ ಆಗಸ್ಟ್‌ನಲ್ಲೇ ತನ್ನ ಎಲ್ಲ ಸಿಬ್ಬಂದಿಯೊಂದಿಗೆ ಮುಳುಗಿತ್ತು. ಪತ್ರಿಕೆಯಲ್ಲಿ ಮುಂದೆ ಈ ನೌಕೆಗಳ ಕುರಿತು ಬರೆಯುವಾಗ, ಮುಳುಗಿಸಿದ ಹಡಗುಗಳ ಪಟ್ಟಿಯ ಜೊತೆಗೆ ಎತ್ತಿಕೊಂಡವರ ಸಂಖ್ಯೆಯನ್ನೂ ಅಚ್ಚು ಮಾಡಬೇಕೆಂದು ಕೋರುತ್ತೇನೆ.

ಇತಿ,
ತಮ್ಮ ಪತ್ರಿಕೆಯ ಓದುಗ