ಹಳೇ ಟಿವಿ ಕೆಟ್ಟಿಲ್ಲ, ವೈರು ಸರಿಯಾಗಿ ಸಿಕ್ಕಿಸಿಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ಚಿಕ್ಕಮ್ಮನ ಮನೆಗೆ ಹೋದಾಗ ಅವರ ಡಬ್ಬಾ ಟಿವಿ ಬಾಗಿಲ ಪಕ್ಕ ಕೂತಿತ್ತು, ಗುಜರಿಗೆ ಕೊಡೋಕೆ ಅಂತ. ಡಿಜಿಟಲ್ ಕನ್ವರ್ಟರ್ ಬಾಕ್ಸ್ ಹೊಸದು, ವೈರೂ ಹೊಸದು, ಆದರೂ ಪರದೆ ತುಂಬ ಇರುವೆ ಹರಿದಾಡಿದ ಹಾಗೆ ಚುಕ್ಕಿ. ನೋಡಿದವರು ಯಾರೋ ಟಿವಿ ಹೋಗಿದೆ ಎಂದುಬಿಟ್ಟಿದ್ದರು. ಒಳಗೆ ತಂದಿಟ್ಟು ವೈರು ಮತ್ತೆ ಸಿಕ್ಕಿಸಿ, ಟಿವಿಯನ್ನು 3ನೇ ಚಾನೆಲ್‌ಗೆ ಹಾಕಿದೆ. ಚಿತ್ರ ಬಂತು.

ನಿಮ್ಮ ತಂತ್ರಜ್ಞಾನ ಪುಟದಲ್ಲಿ ಹೊಸ ಫೋನು, ಹೊಸ ಟಿವಿ ಬಗ್ಗೆ ಓದುತ್ತಲೇ ಇರುತ್ತೇನೆ. ಇದನ್ನೂ ಒಮ್ಮೆ ಬರೆಯಿರಿ ಅಂತ ಕೇಳೋಕೆ ಈ ಪತ್ರ. ಹಳೇ ಟಿವಿಯ ಪಿಕ್ಚರ್ ಟ್ಯೂಬು, ಸ್ಪೀಕರು ಎಲ್ಲ ಚೆನ್ನಾಗಿಯೇ ಇರುತ್ತವೆ. ಒಳಗಿನ ಟ್ಯೂನರ್‌ಗೆ ಡಿಜಿಟಲ್ ಸಿಗ್ನಲ್ ಅರ್ಥವಾಗುವುದಿಲ್ಲ, ಅಷ್ಟೇ. ಆ ಸಿಗ್ನಲ್ಲನ್ನು ಹಳೇ ಟಿವಿಗೆ ಅರ್ಥವಾಗುವ ಹಾಗೆ ಬದಲಿಸುವುದೇ ಬಾಕ್ಸ್‌ನ ಕೆಲಸ. ಹಾಗಾಗಿ ಆಂಟೆನಾ ವೈರು ಮೊದಲು ಬಾಕ್ಸ್‌ಗೆ ಹೋಗಬೇಕು, ಅಲ್ಲಿಂದ ಇನ್ನೊಂದು ವೈರು ಟಿವಿಗೆ. ಅಭ್ಯಾಸಬಲದಿಂದ ಆಂಟೆನಾವನ್ನು ಟಿವಿಯಲ್ಲೇ ಬಿಟ್ಟವರನ್ನು ನಾನೇ ನೋಡಿದ್ದೇನೆ.

ಟಿವಿಯ ಹಿಂದೆ ಹಳದಿ, ಬಿಳಿ, ಕೆಂಪು ತೂತುಗಳಿದ್ದರೆ ಕೆಲಸ ಸುಲಭ. ಹಳದಿ ಚಿತ್ರಕ್ಕೆ, ಬಿಳಿ ಮತ್ತು ಕೆಂಪು ಧ್ವನಿಗೆ. ಧ್ವನಿಗೆ ಒಂದೇ ತೂತು ಇದ್ದರೆ ಬಿಳಿಯದನ್ನು ಸಿಕ್ಕಿಸಿ, ಕೆಂಪನ್ನು ಸುಮ್ನೆ ಬಿಟ್ಟುಬಿಡಿ. ಆಮೇಲೆ ಟಿವಿ ಈ ತೂತುಗಳ ಚಿತ್ರ ತೋರಿಸಲಿ ಅಂತ ಟಿವಿಯ ರಿಮೋಟ್‌ನಲ್ಲಿ ಎವಿ ಒತ್ತಬೇಕು. ಕೆಲವು ಟಿವಿಗಳಲ್ಲಿ ಇದೇ ಬಣ್ಣದ ತೂತುಗಳು ಎರಡು ಸಾಲು ಇರುತ್ತವೆ, ಒಂದು ಒಳಗೆ ಬರುವುದಕ್ಕೆ, ಇನ್ನೊಂದು ಹೊರಗೆ ಹೋಗುವುದಕ್ಕೆ. ಹೊರಗೆ ಹೋಗುವುದಕ್ಕೆ ಸಿಕ್ಕಿಸಿ ಗಂಟೆಗಟ್ಟಲೆ ಒದ್ದಾಡುವವರು ಜಾಸ್ತಿ.

ನಿಜವಾದ ತೊಂದರೆ ಇರುವುದು ಬರೀ ಆಂಟೆನಾ ತೂತು ಇರುವ ಟಿವಿಗಳಿಗೆ. ಬಾಕ್ಸ್‌ನ ಆರ್‌ಎಫ್ ಔಟ್‌ನಿಂದ, ಅಂದರೆ ಆಂಟೆನಾ ಥರದ ವೈರು ಹೊರಡುವ ತೂತಿನಿಂದ, ಟಿವಿಯ ಆಂಟೆನಾ ತೂತಿಗೆ ವೈರು ಎಳೆದು, ಟಿವಿಯನ್ನು 3 ಅಥವಾ 4ನೇ ಚಾನೆಲ್‌ನಲ್ಲಿ ನಿಲ್ಲಿಸಿ, ಆಮೇಲೆ ಚಾನೆಲ್ ಬದಲಿಸುವುದೆಲ್ಲ ಬಾಕ್ಸ್‌ನ ರಿಮೋಟ್‌ನಿಂದಲೇ ಮಾಡಬೇಕು. 3 ಬೇಕೋ 4 ಬೇಕೋ ಎಂಬುದಕ್ಕೆ ಬಾಕ್ಸ್‌ನ ಹಿಂದೆ ಪುಟ್ಟ ಸ್ವಿಚ್ಚೋ, ಇಲ್ಲವೇ ಮೆನುವಿನಲ್ಲಿ ಒಂದು ಸಾಲೋ ಇರುತ್ತದೆ. ಕೆಲವು ಬಾಕ್ಸ್‌ಗಳು ಯುಹೆಚ್‌ಎಫ್ ಎಂಬ ಮೇಲಿನ ಸಂಖ್ಯೆಯ ಚಾನೆಲ್‌ನಲ್ಲಿ ಚಿತ್ರ ಕೊಡುತ್ತವೆ, ಅದನ್ನು ಟಿವಿಯಲ್ಲಿ ಟ್ಯೂನ್ ಮಾಡಿ ಇಟ್ಟುಕೊಳ್ಳಬೇಕು. ಇಷ್ಟು ಮಾಡಿಯೂ ಚಿತ್ರ ಬರದಿದ್ದರೆ ತಪ್ಪು ನಿಮ್ಮದಲ್ಲ, ಬಾಕ್ಸ್‌ನದ್ದು. ಎಷ್ಟೋ ಬಾಕ್ಸ್‌ಗಳ ಆರ್‌ಎಫ್ ಔಟ್ ಆಂಟೆನಾ ಸಿಗ್ನಲ್ಲನ್ನು ಹಾಗೇ ಮುಂದಕ್ಕೆ ದಾಟಿಸುತ್ತದೆಯೇ ಹೊರತು ಅದರಲ್ಲಿ ಬಾಕ್ಸ್‌ನ ಚಿತ್ರ ಇರುವುದೇ ಇಲ್ಲ. ತೂತು ಅದೇ, ಹೆಸರೂ ಅದೇ! ನನಗೆ ಸಿಟ್ಟು ಬರುವುದು ಇಲ್ಲೇ. ಆಗ ಬಾಕ್ಸ್‌ನ ಮೂರು ಬಣ್ಣದ ವೈರಿನ ಚಿತ್ರವನ್ನು ಆಂಟೆನಾ ತೂತಿಗೆ ಹೊಂದಿಸುವ ಆರ್‌ಎಫ್ ಮಾಡ್ಯುಲೇಟರ್ ಎಂಬ ಸಣ್ಣ ಡಬ್ಬಿ ಬೇಕು. ಕ್ಯಾಸೆಟ್ ಹಾಕುವ ಹಳೇ ವಿಸಿಆರ್ ಮೂಲೆಯಲ್ಲಿ ಬಿದ್ದಿದ್ದರೆ ಅದೂ ಆದೀತು. ಬಾಕ್ಸ್‌ನ ಮೂರು ಬಣ್ಣದ ವೈರು ವಿಸಿಆರ್‌ಗೆ, ವಿಸಿಆರ್‌ನಿಂದ ಆಂಟೆನಾ ವೈರು ಟಿವಿಗೆ. ಇನ್ನೂ ಹಳೆಯ, ಎರಡು ಸ್ಕ್ರೂಗೆ ಚಪ್ಪಟೆ ವೈರು ಕಟ್ಟುವ ಟಿವಿಯಾದರೆ ನಡುವೆ 75 ಓಮ್‌ನಿಂದ 300 ಓಮ್‌ಗೆ ಬದಲಿಸುವ ಪುಟ್ಟ ಟ್ರಾನ್ಸ್‌ಫಾರ್ಮರ್ ಹಾಕಬೇಕು. ಹೊಸ ಟಿವಿಗಳ ಎಚ್‌ಡಿಎಂಐ ತೂತು ಮಾತ್ರ ಇರುವ ಬಾಕ್ಸ್ ಈ ಟಿವಿಗಳಿಗೆ ನೇರವಾಗಿ ಆಗುವುದೇ ಇಲ್ಲ.

ಚಿತ್ರ ಬಂತು ಆದರೆ ಬಣ್ಣ ಇಲ್ಲ ಅಂದರೆ ಬಾಕ್ಸ್‌ನ ಮೆನುವಿನಲ್ಲಿ ಪಾಲ್, ಎನ್‌ಟಿಎಸ್‌ಸಿ ಎಂಬ ಎರಡು ಬಣ್ಣದ ಪದ್ಧತಿಗಳನ್ನು ಅದಲುಬದಲು ಮಾಡಿ ನೋಡಿ. ಮುಖಗಳು ಉದ್ದುದ್ದ ಕಂಡರೆ ಬಾಕ್ಸ್‌ನ ಮೆನುವಿನಲ್ಲಿ ಪರದೆಯ ಆಕಾರವನ್ನು 16:9 (ಅಗಲ ಪರದೆ) ತೆಗೆದು 4:3 (ಹಳೇ ಪರದೆ) ಮಾಡಿ. ಚಿತ್ರ ಚೌಕ ಚೌಕವಾಗಿ ಒಡೆದು ನಿಂತುಬಿಟ್ಟರೆ ಸಿಗ್ನಲ್ ಸಾಲುತ್ತಿಲ್ಲ ಎಂದರ್ಥ, ಆಂಟೆನಾ ತಿರುಗಿಸಿ ಮತ್ತೆ ಸ್ಕ್ಯಾನ್ ಮಾಡಬೇಕು. ಹಳೇ ಅನಲಾಗ್ ಪ್ರಸಾರದಲ್ಲಿ ಸಿಗ್ನಲ್ ಕಮ್ಮಿಯಾದರೆ ಮಸುಕಾಗಿಯಾದರೂ ಕಾಣುತ್ತಿತ್ತು. ಡಿಜಿಟಲ್‌ನಲ್ಲಿ ಹಾಗಿಲ್ಲ, ಬಂದರೆ ಪೂರ್ತಿ, ಇಲ್ಲದಿದ್ದರೆ ಇಲ್ಲ.

ಅಮೆರಿಕದಲ್ಲಿ ದೊಡ್ಡ ಕೇಂದ್ರಗಳ ಅನಲಾಗ್ ಪ್ರಸಾರ ನಿಂತದ್ದು 2009ರ ಜೂನ್ 12ಕ್ಕೆ. ಅದಕ್ಕೆ ಮುಂಚೆ ಸರ್ಕಾರ ಬಾಕ್ಸ್ ಕೊಳ್ಳಲು ಕೂಪನ್ ಹಂಚಿತ್ತು. ಆ ಕೂಪನ್ ನಡೆಯಬೇಕಿದ್ದರೆ ಬಾಕ್ಸ್‌ನಲ್ಲಿ ಮೂರು ಬಣ್ಣದ ತೂತುಗಳೂ ಇರಬೇಕಿತ್ತು, 3 ಅಥವಾ 4ನೇ ಚಾನೆಲ್‌ನಲ್ಲಿ ಚಿತ್ರ ಕೊಡುವ ಆರ್‌ಎಫ್ ಔಟ್ ಕೂಡ ಇರಬೇಕಿತ್ತು. ನಿಯಮ ಮಾಡಿದರೆ ಆಗುತ್ತದೆ, ಅಲ್ವಾ? ಅಷ್ಟೂ ಬೇಡ, ಆರ್‌ಎಫ್ ಔಟ್‌ನಲ್ಲಿ ಚಿತ್ರ ಬರುತ್ತದೋ ಇಲ್ಲವೋ ಎಂದು ಬಾಕ್ಸ್ ಮಾಡುವವರು ಪ್ಯಾಕಿನ ಮೇಲೆ ಒಂದು ಸಾಲು ಬರೆಯಲಿ. ಡಿಜಿಟಲ್ ಪ್ರಸಾರದ ಹಳೇ ಪದ್ಧತಿ ಡಿವಿಬಿ-ಟಿ, ಹೊಸದು ಡಿವಿಬಿ-ಟಿ2; ಬಾಕ್ಸ್ ಯಾವುದಕ್ಕೆ ಎಂಬುದನ್ನೂ ದೊಡ್ಡದಾಗಿ ಹಾಕಲಿ, ಏಕೆಂದರೆ ಬರೀ ಡಿವಿಬಿ-ಟಿ ಬಾಕ್ಸ್‌ಗೆ ಡಿವಿಬಿ-ಟಿ2 ಪ್ರಸಾರ ಸಿಗುವುದಿಲ್ಲ.

ನಿಮ್ಮ ಪತ್ರಿಕೆಯಲ್ಲಿ ಕಾಲು ಪುಟ ಕೊಟ್ಟು, ಯಾವ ವೈರು ಎಲ್ಲಿಗೆ ಎಂದು ಬಣ್ಣದಲ್ಲಿ ಒಂದು ಚಿತ್ರ ಹಾಕಿ. ಪಿಕ್ಚರ್ ಟ್ಯೂಬಿನ ಗಾಜಿನಲ್ಲಿ ಸೀಸ ಇರುತ್ತದೆ, ಚೆನ್ನಾಗಿರುವ ಟಿವಿ ಗುಜರಿ ಸೇರದಿದ್ದರೆ ಅಷ್ಟು ಒಳ್ಳೆಯದು. ಚಿಕ್ಕಮ್ಮನಿಗೆ ನಾನು ಒಂದು ಕಾಗದದ ಮೇಲೆ ಪೆನ್ನಿನಲ್ಲಿ ಬರೆದುಕೊಟ್ಟು ಬಂದಿದ್ದೇನೆ. ಅವರು ಅದನ್ನು ಟಿವಿ ಹಿಂದೆ ಅಂಟಿಸಿಕೊಂಡಿದ್ದಾರೆ.

ಇಂತಿ,
ನಿಮ್ಮ ಓದುಗ